ಕುಸುಮಾ ಮೇಡಂ ಮತ್ತು ಮುಗಿಯದ ನಲವತ್ತು ಪುಟ

ಕುಸುಮಾ ಮೇಡಂ ಅವರನ್ನು ಕಾಣಲು ಹೋದವರು, ಪಂಚಾಯಿತಿ ಅಧ್ಯಕ್ಷರೇ ಆಗಲಿ ಪೋಸ್ಟಿನವನೇ ಆಗಲಿ, ಮೊದಲು ಒಂದು ಪುಟದಷ್ಟು ಹೊತ್ತು ಬಾಗಿಲಲ್ಲಿ ನಿಲ್ಲಲೇಬೇಕು. ಓದುತ್ತಿರುವ ಪುಟ ಮುಗಿಯದೆ ಆಕೆ ತಲೆಯೆತ್ತುವವರಲ್ಲ, ಎತ್ತಿದ ಮೇಲೆ "ಅಯ್ಯೋ, ಬಂದು ಎಷ್ಟೊತ್ತಾಯ್ತು ಮಾರಾಯ್ರೆ?" ಎಂದು ನಿಜವಾಗಿಯೇ ಗಾಬರಿಯಾಗುತ್ತಾರೆ. ಕಳಸದಿಂದ ಸಂಸೆಗೆ ಹೋಗುವ ದಾರಿಯ ಒಂದು ಪುಟ್ಟ ಗ್ರಂಥಾಲಯದಲ್ಲಿ ಹದಿನೆಂಟು ವರ್ಷ ಸವೆಸಿದ ಈ ಹೆಂಗಸು, ಗಂಡಸರ ಕಂದು ಉಣ್ಣೆ ಕೋಟೊಂದನ್ನು ಸೀರೆಯ ಮೇಲೆ ತೊಟ್ಟು, ಎರಡೂ ಜೇಬಿಗೆ ಪುಸ್ತಕ ತುರುಕಿಕೊಂಡು, ಭಾರ ಹೆಚ್ಚಿದ ಕಡೆಗೆ ತುಸು ವಾಲುತ್ತ ಏರು ಹತ್ತಿ ಬರುವ ಚೆಂದವನ್ನು ಕಣ್ಣಾರೆ ನೋಡಬೇಕು.

ಮಕ್ಕಳ ವಿಷಯದಲ್ಲಿ ಆಕೆಗೊಂದು ಹಟ. ಪುಸ್ತಕ ಹಿಂದಿರುಗಿಸಿದ ಮಗುವನ್ನು ಏನು ಕಲಿತೆ ಎಂದು ಕೇಳಕೂಡದು. ಅರ್ಧಕ್ಕೆ ಬಿಟ್ಟರೂ ಸರಿ, ಒಂದನ್ನೇ ಐದು ಸಲ ಒಯ್ದರೂ ಸರಿ, ಚಿತ್ರ ಮಾತ್ರ ನೋಡಿದರೂ ಸರಿ. "ಹಲಸಿನಹಣ್ಣು ತಿಂದ ಮಕ್ಕಳನ್ನ ಕೂರ್ಸಿ ಪರೀಕ್ಷೆ ಮಾಡ್ತೀರಾ?" ಎಂದು ಮೇಷ್ಟರುಗಳ ಮೇಲೆ ರೇಗುತ್ತಿದ್ದರು.

ಅಂಥವರೂ ಎಡವಿದರು, ನೋಡಿ. ಹೋದ ಮಳೆಗಾಲದಲ್ಲಿ ಮಕ್ಕಳೆಲ್ಲ ಮೊಬೈಲಿಗೆ ಅಂಟಿಕೊಂಡು ಗ್ರಂಥಾಲಯದ ಬೆಂಚು ಖಾಲಿ ಬಿದ್ದಾಗ, ಎಸ್ಟೇಟಿನ ಪರಮೇಶ್ವರಪ್ಪನವರು ಒಳ್ಳೆಯ ಮನಸ್ಸಿನಿಂದಲೇ ಒಂದು ಉಪಾಯ ಹೇಳಿದರು. "ಕುಯ್ಲಲ್ಲಿ ನಾವು ಕೆ.ಜಿ. ಮೇಲೆ ಬೋನಸ್ ಇಡ್ತೀವಲ್ಲ ಮೇಡಂ, ಹಾಗೇ ಇಲ್ಲೂ ಇಡಿ. ಜಾಸ್ತಿ ಪುಸ್ತಕ ಓದಿದವ್ರಿಗೆ ನಂದೊಂದು ಸೈಕಲ್." ಕಾಫಿ ಕುಯ್ದೇ ಸಂಸಾರ ತೂಗಿಸಿದ ತಾಯಿಯ ಮಗಳು ಆಕೆ; ತೂಕಕ್ಕೆ ಬೋನಸ್ ಎಂದೊಡನೆ ಹಣ್ಣಿನ ಜೊತೆ ಹಸಿರು ಕಾಯಿಯೂ ಬುಟ್ಟಿಗೆ ಬೀಳುತ್ತದೆಂದು ತಿಳಿಯದವರೇ? ಆದರೂ ಖಾಲಿ ಬೆಂಚು ನೋಡಿ ನೋಡಿ ಬೇಸತ್ತ ಜೀವ ಹೂಂ ಎಂದುಬಿಟ್ಟಿತು. ಪ್ರತಿ ಶನಿವಾರ ಗೋಡೆಯ ಮೇಲೆ ಪಟ್ಟಿ ಬಂತು, ಹೆಸರಿನ ಮುಂದೆ ಅಂಕಿ ಬಂತು.

ಮಕ್ಕಳು ನುಗ್ಗಿದ್ದೇನೋ ನಿಜ. ತೆಳ್ಳನೆಯ ಪುಸ್ತಕಗಳೆಲ್ಲ ಎರಡೇ ವಾರದಲ್ಲಿ ಕೈಯಿಂದ ಕೈಗೆ ಹಾರಾಡಿದವು. ನಲವತ್ತೊಂದು ಪುಸ್ತಕ ಒಯ್ದು ತಂದು ಸೈಕಲ್ ಗೆದ್ದವನು ಏಳನೆಯ ತರಗತಿಯ ದರ್ಶನ್. ಯಾವ ಕತೆ ಚೆನ್ನಾಗಿತ್ತೋ ಎಂದದ್ದಕ್ಕೆ, "ಓದಕ್ಕೆ ಎಲ್ಲಿ ಟೈಮಿತ್ತು ಮೇಡಂ?" ಎಂದ ಆ ಪ್ರಾಮಾಣಿಕ! ಪಟ್ಟಿಯ ಕೊನೆಯಲ್ಲಿದ್ದವಳು ಗ್ಯಾರೇಜಿನ ನಜೀರನ ಮಗಳು, ಹತ್ತನೆಯ ತರಗತಿಯ ಬುಷ್ರಾ. ಕಳೆದುಹೋದ ಆನೆಯನ್ನು ಹುಡುಕುತ್ತ ಹೊರಟ ಅಣ್ಣತಂಗಿಯರ ಆರುನೂರು ಪುಟದ ಕಾದಂಬರಿಯೊಂದನ್ನೇ ಅವಳು ಮಳೆಗಾಲವಿಡೀ ಚಪ್ಪರಿಸಿಕೊಂಡು ಓದುತ್ತಿದ್ದಳು. "ಮೂರು ತಿಂಗ್ಳಿಗೆ ಒಂದೇನಾ?" ಎಂದು ಉಳಿದವರು ಆಡಿಕೊಂಡ ದಿನ ಪುಸ್ತಕವನ್ನು ಮೇಜಿನ ಮೇಲಿಟ್ಟು ಹೋದವಳು ಮತ್ತೆ ಬರಲಿಲ್ಲ.

ಪುಸ್ತಕ ಬಿಡಿಸಿದರೆ, ಗುರುತಿಗಿಟ್ಟ ಬಸ್ ಟಿಕೆಟ್ ಅಲ್ಲಿಯೇ ಇತ್ತು. ಕೊನೆಗೆ ಇನ್ನು ನಲವತ್ತು ಪುಟ. ಕುಸುಮಾ ಮೇಡಂ ಟಿಕೆಟನ್ನು ಅಲ್ಲಿಯೇ ಇಟ್ಟು ಪುಸ್ತಕ ಮುಚ್ಚಿದರು. ಓದಿನಿಂದ ತಾವೇ ಕೈಯಾರೆ ಓಡಿಸಿದ ಮೊದಲ ಮಗು ಇದು! ಪಟ್ಟಿಯನ್ನು ಕಿತ್ತೆಸೆದು, ಕಾದಂಬರಿಯನ್ನು ಕಂಕುಳಲ್ಲಿರಿಸಿಕೊಂಡು ನೇರ ಗ್ಯಾರೇಜಿಗೆ ನಡೆದರು.

"ಈ ವರ್ಷ ಎಸ್ಸೆಸ್ಸೆಲ್ಸಿ ಮೇಡಂ, ಕತೆ ಪುಸ್ತಕ ಬಿಟ್ಟಿದ್ದೇ ಒಳ್ಳೇದಾಯ್ತು" ಎಂದಿತು ಜೀಪಿನಡಿಯಿಂದ ನಜೀರನ ದನಿ.

ಆಕೆ ಜೀಪಿನ ಪಕ್ಕದಲ್ಲಿ ನಿಂತಿದ್ದ ಹುಡುಗಿಯ ಕಡೆ ತಿರುಗಿದರು. "ತಪ್ಪು ನಂದು ಕಣೇ," ಎಂದರು ಬುಷ್ರಾಳಿಗೆ. "ಓದನ್ನ ತಕ್ಕಡೀಲಿ ಹಾಕ್ಬಾರ್ದಿತ್ತು."

ಹುಡುಗಿ ನೆಲ ನೋಡುತ್ತ ನಿಂತಳು. ಮೇಡಂ ಹಳೆಯ ಟೈರೊಂದರ ಮೇಲೆ ಕೂತು ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡರು. "ನಾನಿದನ್ನ ಓದಿ ಎಷ್ಟೋ ವರ್ಷ ಆಯ್ತು, ಮರ್ತೇ ಹೋಗಿದೆ. ಹೊಳೆ ದಾಟಿದ್ದು ತಂಗಿ ಅಲ್ವಾ?"

"ತಂಗಿ ಎಲ್ಲಿ ದಾಟಿದ್ಲು ಮೇಡಂ? ಅಣ್ಣ!" ಎಂದು ಬುಷ್ರಾ ಸಿಡುಕಿದಳು. ಅಷ್ಟೇ ಸಾಕಾಯಿತು. ಕೆಸರಿನಲ್ಲಿ ಕಂಡ ಹೆಜ್ಜೆ, ದಾರಿತಪ್ಪಿಸಿದ ಮಾವುತ, ಜ್ವರ ಬಂದು ಮಲಗಿದ ತಂಗಿ, ಒಂದರ ಹಿಂದೊಂದು ಹೇಳುತ್ತ ಹೋದಳು. ಜೀಪಿನಡಿಯ ಸ್ಪ್ಯಾನರ್ ಸದ್ದು ಯಾವಾಗ ನಿಂತಿತೋ ಯಾರಿಗೂ ತಿಳಿಯಲಿಲ್ಲ. ಗ್ರೀಸ್ ಮೆತ್ತಿದ ಮುಖವೊಂದು ಹೊರಗೆ ಬಂತು.

"ಆಮೇಲೆ? ಆನೆ ಸಿಕ್ತಾ?"

"ಗೊತ್ತಿಲ್ಲ ಅಬ್ಬಾ, ಅಲ್ಲೀತನಕ ಓದಿಲ್ಲ."

"ಇಷ್ಟು ಹೇಳಿ ಅರ್ಧಕ್ಕೆ ಬಿಟ್ರೆ ಹೆಂಗೆ ಮಾರಾಯ್ತಿ! ಓದು, ಗಟ್ಟಿಯಾಗಿ ಓದು."

ಬುಷ್ರಾ ಕೈ ಚಾಚಿದಳು. ಕುಸುಮಾ ಮೇಡಂ ಪುಸ್ತಕ ಕೊಟ್ಟು, ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡರು.

ಮಕ್ಕಳು ಓದುವುದಿಲ್ಲವೆಂದು ಕಳವಳಪಡುವವರಿಗೆ ನಮ್ಮಲ್ಲಿ ಬರವಿಲ್ಲ. ಅವರ ಬಳಿ ಭಾಷಣವಿದೆ, ಬಹುಮಾನವಿದೆ. ಕುಸುಮಾ ಮೇಡಂ ಅಂಥವರು ಬೇರೆಯೇ ಬಗೆಯ ಜನ. ಎದುರಿಗಿರುವ ಮಗು ತಮ್ಮಷ್ಟೇ ಕತೆಯ ಹಸಿವಿರುವ ಇನ್ನೊಂದು ಜೀವವೆಂದು ನಂಬಿದವರಾದ್ದರಿಂದ, ಆ ಮಗುವಿನ ಮುಂದೆ ತಪ್ಪೊಪ್ಪಿಕೊಳ್ಳಲು ಅವರಿಗೆ ನಾಚಿಕೆಯಿಲ್ಲ. ಓದು ಎಂದು ಅವರು ಯಾರಿಗೂ ಹೇಳುವುದಿಲ್ಲ. ಆನೆ ಸಿಕ್ಕಿತೇ ಎಂಬ ಚಿಂತೆಯನ್ನು ಹಚ್ಚಿಬಿಡುತ್ತಾರೆ.