ಕೈ ಸೋಕದ ಡಬ್ಬಿಗಳು

"ಬಸುರಿ ಅಂತ ತಲೆ ಮೇಲೆ ಹೊತ್ಕೊಂಡು ಕುಣೀಲೇನೇ? ಒಳಗೆ ನಡೀರೇ, ಮುಂಡೇರಾ!"

ಮೇಸ್ತ್ರಿ ಕೋಲ್ಡ್ ರೂಮಿನ ಬಾಗಿಲು ಹಿಡಿದು ನಿಂತಿದ್ದ. ಬೀಟ್‌ರೂಟ್ ಹೆಚ್ಚುತ್ತಿದ್ದ ಹೆಂಗಸರೆಲ್ಲ ಕೈ ಕೂಡ ತೊಳೆಯದೆ ಎದ್ದು ಬಂದಿದ್ದರು. ಪೇಟೆಯ ದೊಡ್ಡ ಅಂಗಡಿಗಳ ಸಾಹುಕಾರ, ತರಕಾರಿ ಹೆಚ್ಚಿ ಡಬ್ಬಿಗೆ ತುಂಬುವ ಈ ಶೆಡ್ಡು ನೋಡಲು ಬರುವವನಿದ್ದ.

"ಎಲ್ಲಾದ್ರೂ ಮರೆಗೆ ಕೂತಿರ್ತೀವಿ ಅಣ್ಣಾ," ಎಂದಳು ದೊಡ್ಡಕ್ಕ. "ನನ್ನ ತಂಗಿಗೆ ತಿಂಗಳು ತುಂಬ್ತಾ ಬಂತು. ಆ ಚಳಿ ತಡಿಯಲ್ಲ."

"ಡಬ್ಬಿ ಮೇಲೆ ಏನು ಬರೆದಿದೆ ಗೊತ್ತಾ? ಹೊಲದಿಂದ ಮನೆಗೆ, ಯಾರ ಕೈಯೂ ಸೋಕದ್ದು ಅಂತ. ಎಲ್ಲ ಮಿಶಿನ್ನೇ ಮಾಡತ್ತೆ ಅಂತ ಹೇಳಿದೀವಿ. ನಿಮ್ಮ ಮೋರೆ ಕಂಡ್ರೆ ಯಾವನು ತಗೋತಾನೆ? ಉಸಿರೆತ್ತಿದ್ರೆ ನಾಳೆಯಿಂದ ಇಬ್ರೂ ಬರ್ಬೇಡಿ."

ಚಿಲಕ ಬಿತ್ತು.

"ಮಿಶಿನ್ನು ಕೆಟ್ಟು ಮಲಗಿ ಎಷ್ಟು ದಿನ ಆಯ್ತೇ ಅಕ್ಕ?" ತಂಗಿ ಹೊಟ್ಟೆ ಅಪ್ಪಿಕೊಂಡು ನಕ್ಕಳು. "ಹೆರಿಗೆ ರಜಾ ಅದಕ್ಕೆ ಸಿಕ್ತು, ನನಗಿಲ್ಲ."

ಎಲ್ಲರೂ ಸೆರಗು ಬಾಯಿಗೊತ್ತಿ ನಕ್ಕರು. ನಗು ಆವಿಯಾಗಿ ಹೊರಬಂತು.

ದೊಡ್ಡಕ್ಕನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಗೋಡೆಯುದ್ದಕ್ಕೂ ಬಿಳಿ ಮುಚ್ಚಳದ ಡಬ್ಬಿಗಳು. ಒಳಗಿದ್ದುದನ್ನು ಕಿತ್ತವರು, ತೊಳೆದವರು, ಹೆಚ್ಚಿದವರು ಇಲ್ಲೇ ಗಡಗಡ ನಡುಗುತ್ತಿದ್ದರು. ಈ ಕೈ ದೇವರಿಗೆ ಮುಗಿಯಬಹುದು, ಉಣ್ಣುವವನ ಕಣ್ಣಿಗೆ ಬೀಳಬಾರದೇ? ರಸ ಆರದ ಅಂಗೈಯನ್ನು ಒಂದು ಮುಚ್ಚಳದ ಮೇಲೆ ಒತ್ತಿದಳು. ಐದು ಬೆರಳೂ ಕೆಂಪಗೆ ಮೂಡಿದವು. ಮತ್ತೊಂದು. ಮಗದೊಂದು. ರಸ ಸಾಲದಾದಾಗ ಮಡಿಲಲ್ಲಿ ಉಳಿದಿದ್ದ ಹೋಳನ್ನು ಹಿಸುಕಿಕೊಂಡಳು.

ಹಿಂದೆ ಧೊಪ್ಪೆಂದಿತು. ತಂಗಿ ಕುಸಿದಿದ್ದಳು. ತುಟಿ ನೀಲಿಗಟ್ಟಿತ್ತು.

ನಾಳೆಯ ಕೂಲಿ ಮರೆತು ದೊಡ್ಡಕ್ಕ ಬಾಗಿಲು ಗುದ್ದಿದಳು. "ತೆಗಿಯೋ ಹಲ್ಕಟ್! ಎರಡು ಜೀವ ಹೋಗ್ತಿದೆ!"

ಬಾಗಿಲು ತೆರೆಯಿತು. ಮೇಸ್ತ್ರಿಯ ಪಕ್ಕದಲ್ಲಿ ಬಿಳಿ ಅಂಗಿಯ ಸಾಹುಕಾರ. ಹೆಂಗಸರು ತಂಗಿಯನ್ನು ಬಿಸಿಲಿಗೆ ಎತ್ತಿಕೊಂಡು ಹೋಗುವಾಗ ಅವನು ಬದಿಗೆ ಸರಿದ, ಅಂಗಿಗೆ ತಾಗದ ಹಾಗೆ. ಆಮೇಲೆ ಅವನ ಕಣ್ಣು ಡಬ್ಬಿಗಳ ಮೇಲೆ ಹೋಯಿತು.

"ಅರೆ! ಈ ಅಂಗೈ ಗುರುತು ಯಾರ ಐಡಿಯಾ? ಚೆನ್ನಾಗಿದೆ ಕಣ್ರೀ. ಕೊಳ್ಳೋರಿಗೆ ಮಣ್ಣಿನ ನೆನಪಾಗತ್ತೆ."

ಬೈಯಲು ಬಾಯಿ ತೆರೆದಿದ್ದ ಮೇಸ್ತ್ರಿ ಹಾಗೇ ಹಲ್ಲು ಕಿರಿದ. "ನಮ್ಮದೇ ಸಾರ್. ಮಿಶಿನ್ನಲ್ಲೇ ಒತ್ತಿಸಿದ್ದು."

ದೊಡ್ಡಕ್ಕ ಕೈಯಲ್ಲೇ ಉಳಿದಿದ್ದ ಹೋಳನ್ನು ಇನ್ನೊಮ್ಮೆ ಹಿಸುಕಿದಳು. ಆತುರವಿಲ್ಲದೆ ಮುಂದೆ ಬಂದು ಎರಡೂ ಅಂಗೈಗಳನ್ನು ಆ ಬಿಳಿ ಅಂಗಿಯ ಎದೆಗೆ ಒತ್ತಿ ಹಿಡಿದಳು.

"ಮಿಶಿನ್ನು ಎಷ್ಟು ತಣ್ಣಗಿದೆ, ನೋಡ್ಕೊಳ್ಳಿ ಸಾಮಿ."