ಎಡಗಡೆಯ ಹೂವು

ನಮ್ಮ ಗುಡಿಯಲ್ಲಿ ದೇವಿಯ ಅಪ್ಪಣೆ ಕೇಳುವ ರೀತಿ ಬಹಳ ಸರಳ. ಕಣಗಿಲ ಹೂವಿನ ಎರಡು ಎಸಳುಗಳನ್ನು ನೀರಿನಲ್ಲಿ ಅದ್ದಿ ಉಡಚವ್ವನ ಕಲ್ಲಿನ ಎರಡೂ ಭುಜಕ್ಕೆ ಹಚ್ಚುವುದು. ಕೇಳುವವರು ತಮ್ಮ ಮಾತನ್ನು ಬಾಯಿಬಿಟ್ಟು ಹೇಳಿ ಕೈಮುಗಿದು ಕೂರುವುದು. ಬಲಗಡೆಯ ಎಸಳು ಮೊದಲು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ದುಂಡಸಿಯ ಸುತ್ತಲಿನ ಹಳ್ಳಿಗಳಲ್ಲಿ ಮದುವೆ, ಬಾವಿ, ಎತ್ತಿನ ವ್ಯಾಪಾರ ಎಲ್ಲ ಇದರ ಮೇಲೆಯೇ ನಡೆಯುತ್ತಿದ್ದವು. ಪೂಜಾರಿ ನಾನು, ಉಡಚಪ್ಪ. ನನಗಿಂತ ಮೊದಲು ನನ್ನ ಅಪ್ಪ ಗೋಣೆಪ್ಪ.

ಹೂ ಹಚ್ಚುವುದನ್ನು ಅಪ್ಪ ನಮಗೆ ಹುಡುಗರಾಗಿದ್ದಾಗಲೇ ಕಲಿಸಿದ್ದ. ಎರಡೂ ಎಸಳನ್ನು ಒಂದೇ ತಂಬಿಗೆಯಲ್ಲಿ ಅದ್ದಬೇಕು, ಒಂದೇ ಸಲ ಎತ್ತಬೇಕು, ಝಾಡಿಸಬಾರದು, ಒರೆಸಬಾರದು. ಏಕೆಂದರೆ ನೀರು ಕಡಿಮೆಯಾದ ಎಸಳು ಬೇಗ ಬೀಳುತ್ತದೆ. ಇದು ದೇವಿಗೂ ಗೊತ್ತು, ಪೂಜಾರಿಗೂ ಗೊತ್ತು. ಕೇಳಲು ಬಂದವರಿಗೆ ಮಾತ್ರ ಗೊತ್ತಿರುವುದಿಲ್ಲ.

ನನ್ನ ತಮ್ಮ ನೀಲಪ್ಪ ರಸ್ತೆ ಖಾತೆಯಲ್ಲಿ ರೋಲರ್ ನಡೆಸುತ್ತಿದ್ದ. ಶಿಗ್ಗಾವಿಯಿಂದ ಸವಣೂರಿಗೆ ಹೋಗುವ ರಸ್ತೆಯ ಖಡಿಕಲ್ಲನ್ನೆಲ್ಲ ಒತ್ತಿ ಕೂರಿಸಿದವನು ತಾನೇ ಎಂದು ಅವನಿಗೆ ಸಣ್ಣದೊಂದು ಜಂಬ. ಅರವತ್ತನೆಯ ಇಸವಿಯಲ್ಲಿ ಅವನ ಹಳೆಯ ಸಾಹೇಬರಿಂದ ಒಂದು ಪತ್ರ ಬಂತು. ಅವರು ಉತ್ತರದ ಕುಲೂ ಎಂಬ ಸೀಮೆಗೆ ವರ್ಗವಾಗಿದ್ದರು. ಅಲ್ಲಿ ಗುಡ್ಡ ಕಡಿದು ರಸ್ತೆ ಮಾಡುತ್ತಿದ್ದಾರೆ, ರೋಲರ್ ನಡೆಸುವವರು ಬೇಕು, ಕಾಯಂ ನೌಕರಿ, ಇರಲು ಕಟ್ಟಿಗೆಯ ಮನೆ ಕೊಡುತ್ತಾರೆ, ಹೆಂಡತಿ ಮಗಳನ್ನು ಕರೆದುಕೊಂಡು ಬಾ ಎಂದು ಬರೆದಿದ್ದರು. ವರ್ಷಕ್ಕೆ ನಾಲ್ಕು ತಿಂಗಳು ಹಿಮ ಬೀಳುತ್ತದೆ, ಉಣ್ಣೆಯ ಬಟ್ಟೆ ಇಲ್ಲಿಯೇ ಸಿಗುತ್ತದೆ, ಹೆದರಬೇಡ ಎಂದೂ ಇತ್ತು.

ನಮ್ಮೂರವರು ಕಂಡ ಬರ್ಫವೆಂದರೆ ಹುಬ್ಬಳ್ಳಿಯಿಂದ ಕಟ್ಟಿಗೆಯ ಹೊಟ್ಟಿನಲ್ಲಿ ಮುಚ್ಚಿ ಶಿಗ್ಗಾವಿ ಸಂತೆಗೆ ತರುತ್ತಿದ್ದ ಗಡ್ಡೆ, ಅದೂ ಸರಬತ್ತಿನ ಗಾಡಿಯ ಮೇಲೆ. “ಅಲ್ಲೆ ರೋಲರ್ ಓಡಸ್ತೀಯೋ, ರೋಲರ್ ಜೋಡಿ ಜಾರತೀಯೋ?” ಎಂದು ಕಟ್ಟೆಯ ಮೇಲೆ ಕುಳಿತವರು ಅವನನ್ನು ಚಾಳಿಸಿದರು. ನೀಲಪ್ಪ ನಕ್ಕ. ಹೋಗಬೇಕೆಂದು ಅವನ ಮನಸ್ಸಿನಲ್ಲಿ ಆಗಲೇ ನಿರ್ಧಾರವಾಗಿತ್ತು.

ಅವನ ಹೆಂಡತಿ ಮಂಜವ್ವ ಅಬಲೂರಿನ ಹೆಣ್ಣು, ಮಾತು ಕಡಿಮೆ. “ಉಡಚವ್ವ ಹೂ ಕೊಟ್ರ ನಾಳೆನ ಹೊರಡತೇನಿ,” ಎಂದಳು. ಹಾಗೆ ಹೇಳಿದವಳು ಅಂದು ಮಧ್ಯಾಹ್ನವೇ ಹಳೆಯ ಸೀರೆಗಳನ್ನೆಲ್ಲ ತೆಗೆದು ಮೂರು ಪದರಿನ ದಪ್ಪ ಕೌದಿ ಹೊಲಿಯಲು ಕುಳಿತಳು. ಅದನ್ನು ನಾನು ನೋಡಿದ್ದೆ. ಅವಳ ಆಸೆ ನನಗೆ ಗೊತ್ತಿರಲಿಲ್ಲ ಎಂದು ಹೇಳಿದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ಅವರ ಮಗಳು ಶೇಖವ್ವನಿಗೆ ಆಗ ಎರಡು ವರ್ಷ. ಅವಳು ಹುಟ್ಟಿದಾಗ ಮಂಜವ್ವನಿಗೆ ಬಾಣಂತಿ ಜ್ವರ ಬಂದು ಮೂರು ತಿಂಗಳು ಮೈಮೇಲೆ ಎಚ್ಚರವಿರಲಿಲ್ಲ. ಕೂಸನ್ನು ಆಡಿನ ಹಾಲು ಹಾಕಿ ಬದುಕಿಸಿದವಳು ನನ್ನ ಹೆಂಡತಿ ಭರಮವ್ವ. ನಮಗೆ ಮೂರು ಹುಟ್ಟಿ ಮೂರೂ ಹೋಗಿದ್ದವು. ಜ್ವರ ಬಿಟ್ಟ ಮೇಲೆ ಕೂಸನ್ನು ತಾಯಿಗೆ ಒಪ್ಪಿಸಬೇಕಾಗಿತ್ತು. ಇಂದು ನಾಳೆ ಎನ್ನುತ್ತ ಅದು ನಮ್ಮ ಕೋಣೆಯಲ್ಲಿಯೇ ಬೆಳೆಯಿತು. ಭರಮವ್ವನನ್ನು ‘ಅವ್ವ’ ಎಂದಿತು, ನನ್ನನ್ನು ‘ಅಪ್ಪ’ ಎಂದಿತು, ಹೆತ್ತವಳನ್ನು ‘ಸಣ್ಣವ್ವ’ ಎಂದಿತು. ಮಂಜವ್ವ ಒಂದು ದಿನವೂ ತಕರಾರು ತೆಗೆಯಲಿಲ್ಲ.

ಹೂ ಕೇಳುವ ಹಿಂದಿನ ದಿನ ಭರಮವ್ವ ಹುಡುಗಿಯ ತಲೆ ಬಾಚುತ್ತಿದ್ದಳು. “ಅಲ್ಲೆ ಥಂಡಿಗೆ ಈಕೀಗೆ ನೆಗಡಿ ಆದ್ರ ಎದಿಗೆ ಎಣ್ಣಿ ತಿಕ್ಕಾವ್ರು ಯಾರು?” ಎಂದು ಕೇಳಿದಳು. ತಿಕ್ಕಲು ತಾಯಿ ಇರುತ್ತಾಳಲ್ಲ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ.

ಮಂಗಳವಾರ ಬೆಳಿಗ್ಗೆ ನಾಲ್ವರೂ ಕೂಸಿನೊಂದಿಗೆ ಗುಡಿಗೆ ಹೋದೆವು. ಮಂಜವ್ವ ಕೈಮುಗಿದು, “ಯವ್ವಾ ಉಡಚವ್ವಾ, ಗಂಡನ ಸಂಗಾಟ ನಾನೂ ನನ್ನ ಮಗಳೂ ಬರ್ಫಿನ ದೇಶಕ್ಕ ಹೋಗೋದು ಚಲೋ ಇದ್ರ ಬಲಕ್ಕ ಕೊಡು,” ಎಂದಳು. ನಾನು ಅವರಿಗೆ ಬೆನ್ನು ಮಾಡಿ ನಿಂತಿದ್ದೆ. ಎರಡೂ ಎಸಳು ಅದ್ದಿದೆ. ಬಲಗಡೆಯದನ್ನು ಹಾಗೆಯೇ ಹಚ್ಚಿದೆ. ಎಡಗಡೆಯದನ್ನು ಧೋತರದ ಚುಂಗಿಗೆ ಒತ್ತಿ ಒರೆಸಿ ಹಚ್ಚಿದೆ. ಒಂದು ಉಸಿರು ಎಳೆಯುವಷ್ಟು ಹೊತ್ತು ಸಾಕಾಯಿತು. ನಾನು ತಿರುಗಿ ಕುಳಿತುಕೊಳ್ಳುವಷ್ಟರಲ್ಲಿ ಅದು ಕೆಳಗೆ ಬಿದ್ದಿತ್ತು.

“ಆಗಲಿ ಬಿಡ್ರಿ. ಆಕಿ ಬ್ಯಾಡ ಅಂದಮ್ಯಾಲೆ ಮುಗೀತು,” ಎಂದು ಮಂಜವ್ವ ಎದ್ದಳು. ಅಳಲಿಲ್ಲ. ನೀಲಪ್ಪನೂ ಏನೂ ಅನ್ನಲಿಲ್ಲ. ನಾನು ದೀಪದ ಬತ್ತಿ ಸರಿಮಾಡುತ್ತ ಕುಳಿತೆ.

ನನ್ನ ಬುದ್ಧಿ ಅಲ್ಲಿಗೇ ನಿಂತಿತ್ತು. ಹೂವು ಬಿದ್ದರೆ ಎಲ್ಲರೂ ಊರಲ್ಲೇ ಉಳಿಯುತ್ತಾರೆ ಎಂದುಕೊಂಡಿದ್ದೆ. ನೀಲಪ್ಪ ಉಳಿಯಲಿಲ್ಲ. “ಹೂ ಕೇಳಿದ್ದು ಆಕೀ ಸಲುವಾಗಿ. ಸಾಹೇಬ್ರಿಗೆ ನಾ ಮಾತ ಕೊಟ್ಟೇನಿ,” ಎಂದು ಎಂಟನೆಯ ದಿನಕ್ಕೆ ಟ್ರಂಕು ಹೊತ್ತು ಹೊರಟುಬಿಟ್ಟ. ಮಂಜವ್ವ ಆ ಕೌದಿಯನ್ನು ಮಡಚಿ ಅವನ ಟ್ರಂಕಿನಲ್ಲಿ ಇಟ್ಟಳು. ಗಂಡ ಹೆಂಡಿರನ್ನು ಅಗಲಿಸುವ ಉದ್ದೇಶ ನನ್ನದಾಗಿರಲಿಲ್ಲ. ಆದರೆ ಮಾಡಿದ್ದು ಅದನ್ನೇ.

ಪ್ರತಿ ಚಳಿಗಾಲದಲ್ಲಿ ಅವನಿಂದ ಒಂದು ಪಾರ್ಸಲ್ ಬರುತ್ತಿತ್ತು. ಶೇಖವ್ವನಿಗೆಂದು ಉಣ್ಣೆಯ ಟೊಪ್ಪಿಗೆ, ಉಣ್ಣೆಯ ಕಾಲುಚೀಲ. ನಮ್ಮ ಸೀಮೆಯ ಬಿಸಿಲಿಗೆ ಅವು ಏತಕ್ಕೆ? ಹಾಕಿದರೂ ಅವಳಿಗೆ ಸಣ್ಣವಾಗುತ್ತಿದ್ದವು. ಅವನ ಮನಸ್ಸಿನಲ್ಲಿ ಮಗಳು ತಾನು ಬಿಟ್ಟು ಹೋದಾಗಿನಷ್ಟೇ ಇದ್ದಳು, ಬೆಳೆದದ್ದು ಅವನಿಗೆ ಹೇಗೆ ತಿಳಿಯಬೇಕು? ಮಂಜವ್ವ ಆ ಸಣ್ಣ ಕಾಲುಚೀಲಗಳನ್ನು ತನ್ನ ಪೆಟ್ಟಿಗೆಯಲ್ಲಿ ಜೋಡಿಸಿಡುತ್ತಿದ್ದಳು.

ಅರವತ್ತೆರಡರಲ್ಲಿ ಚೀನಾದವರ ಯುದ್ಧ ಬಂತು. ನಾಲ್ಕು ತಿಂಗಳು ಅವನ ಪತ್ರವಿಲ್ಲ. ಮಂಜವ್ವ ದಿನಾ ನಸುಕಿನಲ್ಲಿ ಎದ್ದು ಗುಡಿಯ ಕಸ ಹೊಡೆಯತೊಡಗಿದಳು. ಒಂದು ದಿನ ಕಸಬರಿಗೆ ಕೆಳಗಿಟ್ಟು ಬಂದು ನನ್ನ ಕಾಲು ಮುಟ್ಟಿ, “ನನ್ನ ಮಗಳನ್ನ ಉಡಚವ್ವ ಉಳಿಸಿದ್ಳ್ರಿ ಭಾವಾರ. ಹೋಗಿದ್ರ ಏನ ಗತಿ ಇತ್ತು?” ಎಂದಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಂದು ಊಟದ ತಾಟು ಸರಿಸಿ ಎದ್ದುಬಿಟ್ಟೆ. ಭರಮವ್ವ ಪಿತ್ತವಾಗಿದೆ ಎಂದು ಜೀರಿಗೆ ಕಷಾಯ ಕುಡಿಸಿದಳು.

ಆಮೇಲೆ ಪತ್ರ ಬಂತು, ನೀಲಪ್ಪ ಬದುಕಿದ್ದ. ಆದರೆ ಆ ಹೂವಿನ ಸುದ್ದಿ ಹಾನಗಲ್ಲು, ಹಿರೇಕೆರೂರಿನವರೆಗೂ ಹಬ್ಬಿತು. ಗಾಡಿ ಕಟ್ಟಿಕೊಂಡು ಜನ ಬರತೊಡಗಿದರು. ಹುಲಗೂರಿನ ಹಾಜರಾಬಿ ಎಂಬ ಮುದುಕಿ ಮಗನನ್ನು ಪುಣೆಯ ಗಿರಣಿಗೆ ಕಳಿಸಲೋ ಬೇಡವೋ ಎಂದು ಕೇಳಲು ಬಂದಳು. “ನಿಮ್ಮ ಉಡಚವ್ವ ಮನಿ ಸೊಸೀನ ಲಡಾಯಿಯಿಂದ ಉಳಿಸ್ಯಾಳ ಅಂತಲ್ರಿ ಪೂಜಾರಪ್ಪಾರ, ನನ್ನ ಮಗಂದೂ ಒಂದೀಟು ನೋಡ್ರಿ,” ಎಂದಳು. ಅವಳಿಗೆ ಎರಡೂ ಎಸಳು ಸರಿಯಾಗಿ ಅದ್ದಿ, ಕಣ್ಣು ಮುಚ್ಚಿ ಹಚ್ಚಿದೆ. ಎಲ್ಲರಿಗೂ ಹಾಗೆಯೇ ಹಚ್ಚುತ್ತಿದ್ದೆ. ನನ್ನ ಹೆಸರು ಬೆಳೆದದ್ದು ಮಾತ್ರ ಆ ಒಂದು ಕಳ್ಳ ಹೂವಿನಿಂದ.

ಅರವತ್ತೈದರ ಸುಗ್ಗಿ ಮುಗಿದ ಮೇಲೆ ನೀಲಪ್ಪ ಒಂದು ತಿಂಗಳ ರಜೆಗೆ ಬಂದ. ನಡುವೆ ಒಮ್ಮೆ ಮಾತ್ರ ಬಂದು ಹೋಗಿದ್ದ. ಈ ಸಲ ಎಡಗಾಲಿನ ಎರಡು ಬೆರಳಿರಲಿಲ್ಲ, ಚಳಿಗೆ ಕರ್ರಗಾಗಿ ಕತ್ತರಿಸಿದರಂತೆ. ಶೇಖವ್ವ ಅವನನ್ನು ‘ಕಾಕಾ’ ಎಂದು ಕರೆದು, ಆ ಕಾಲನ್ನು ನೋಡಿ ಭರಮವ್ವನ ಹಿಂದೆ ಅಡಗಿದಳು.

ಮರುದಿನ ನಾವಿಬ್ಬರೂ ಹಳ್ಳದಲ್ಲಿ ಗುಡಿಯ ಹಿತ್ತಾಳೆ ಸಾಮಾನು ಹುಣಸೆಹುಳಿ ಹಚ್ಚಿ ತಿಕ್ಕುತ್ತ ಕುಳಿತಿದ್ದೆವು. ಇನ್ನು ನನಗೆ ತಡೆಯಲಾಗಲಿಲ್ಲ.

“ನೀಲ್ಯಾ, ಅವತ್ತಿನ ಹೂವು...”

“ಚುಂಗಿಗೆ ಒರಿಸಿದ್ದಿ. ಗೊತ್ತೈತಿ,” ಎಂದು ಅವನು ತಿಕ್ಕುವುದನ್ನು ನಿಲ್ಲಿಸದೆ ಹೇಳಿದ.

“ನೋಡಿದ್ಯಾ?”

“ನೋಡಬೇಕಂತ ಏನೈತಿ? ಹಸೀ ಹೂವು ಅಷ್ಟ ಲಗೂ ಬೀಳೂದಿಲ್ಲ. ಅಪ್ಪ ನನಗೂ ಕಲಿಸ್ಯಾನಲ್ಲ.”

“ಮತ್ತ ಯಾಕ ಸುಮ್ಮನಾದಿ?”

“ಅತ್ತಿಗಿ ಮಾರಿ ನೋಡಿದ್ನಿ. ಕೂಸಿನ್ನ ಅವಚಿಕೊಂಡು ಕಣ್ಣ ಮುಚ್ಚಿದ್ಳು. ಆಕೀ ಕೈಯಾಗಿಂದ ಹೆಂಗ ಕಸಗೊಳ್ಳಲಿ? ನೀ ಕದ್ದೇನಿ ಅಂತ ತಿಳಕೊಂಡೀಯಲ್ಲ ಅಣ್ಣಾ, ನಾ ಕೊಟ್ಟೇನಿ.”

ನಾಚಿಕೆಯ ಮಾತು, ಕೇಳಿದ ಕೂಡಲೇ ನನ್ನ ಎದೆ ಹಗುರಾಯಿತು. ಐದು ವರ್ಷದ ನಂತರ ಮೊದಲ ಸಲ ಉಸಿರಾಡಿದೆ. ಆದರೆ ಸಾಮಾನು ಹೊತ್ತು ಮನೆಗೆ ಬರುವಾಗ ಮಂಜವ್ವ ಗುಡಿಯ ಮುಂದೆ ಸಾರಿಸುತ್ತಿದ್ದುದು ಕಂಡಿತು. ತಮ್ಮ ಕೊಟ್ಟದ್ದರಲ್ಲಿ ಅವಳ ಮಗಳಿದ್ದಳು, ಅವಳ ಐದು ವರ್ಷವಿತ್ತು. ಅದು ಅವನೊಬ್ಬನೇ ಕೊಡುವಂಥದ್ದಾಗಿರಲಿಲ್ಲ. “ಆಕೀಗೆ ಹೇಳಬ್ಯಾಡ, ಮನಿ ಒಡೀತೈತಿ,” ಎಂದು ನೀಲಪ್ಪ ನನ್ನ ಕೈಹಿಡಿದು ಬೇಡಿಕೊಂಡ. ನಾನು ಕೇಳಲಿಲ್ಲ.

ಮಧ್ಯಾಹ್ನ ಮಂಜವ್ವ ಹಿತ್ತಲಲ್ಲಿ ಜೋಳ ಕೇರುತ್ತಿದ್ದಳು. ಭರಮವ್ವ ಹುಡುಗಿಯನ್ನು ಕರೆದುಕೊಂಡು ಹೊಲಕ್ಕೆ ಹೋಗಿದ್ದಳು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ನೀಲಪ್ಪ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ. ಅವಳು ಮೊರದಲ್ಲಿದ್ದಷ್ಟನ್ನು ಕೇರಿ ಮುಗಿಸಿ ಮೊರ ಕೆಳಗಿಟ್ಟಳು.

“ಇನ್ನ ಯಾರಿಗರೆ ಹಿಂಗ ಹಚ್ಚೀರೇನ್ರಿ ಭಾವಾರ?”

“ಇಲ್ಲ.”

“ನನಗೊಬ್ಬಾಕಿಗೆ.”

“ಹೂಂ.”

ಅವಳು ಗಂಡನ ಕಡೆ ತಿರುಗಿದಳು. “ನಿಮಗೂ ಗೊತ್ತಿತ್ತು. ಇಬ್ಬರೂ ನನ್ನ ಒಂದ ಮಾತ ಕೇಳಬೇಕಿತ್ತಲ್ರಿ. ಮಗಳನ್ನ ಅಕ್ಕನ ಹತ್ರ ಬಿಡ್ತೀಯೇನು ಅಂತ ಕೇಳಿದ್ರ ನಾನೂ ಏನರೆ ಹೇಳ್ತಿದ್ನಿ. ನನಗ ಬಾಯಿ ಇರಲಿಲ್ಲೇನು?” ಎಂದಳು. ಧ್ವನಿ ಏರಿಸಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಚಲೋ ಆಗುತ್ತಿತ್ತು.

ಈ ಸಲ ಹೂ ಕೇಳುವ ಮಾತೇ ಬರಲಿಲ್ಲ. ಗಂಡನ ಜೊತೆ ಹೋಗುತ್ತೇನೆ, ಮಗಳನ್ನೂ ಕರೆದೊಯ್ಯುತ್ತೇನೆ ಎಂದಳು. ಭರಮವ್ವನಿಗೆ ನಾನು ಏನೂ ಹೇಳಿರಲಿಲ್ಲ, ಅವಳೂ ಕೇಳಲಿಲ್ಲ. ಹುಡುಗಿಯ ಅಂಗಿಗಳನ್ನು ಒಗೆದು ಒಣಗಿಸಿ ಗಂಟು ಕಟ್ಟಿದಳು.

ಹೊರಡುವ ದಿನ ಶೇಖವ್ವ ಕಾಣಲಿಲ್ಲ. ಹುಡುಕಿ ಹುಡುಕಿ ಕೊನೆಗೆ ಮೇವಿನ ಕೋಣೆಯಲ್ಲಿ ಸಿಕ್ಕಳು. ಎಳೆದು ತಂದೆ. ಭರಮವ್ವನ ಕಾಲಿಗೆ ಜೋತುಬಿದ್ದು ಊರು ಕೇಳುವಂತೆ ಚೀರಿದಳು. ಮಾಡಿದ್ದನ್ನು ಸರಿಪಡಿಸುವವನು ನಾನೇ ಅಲ್ಲವೇ, ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಲು ಹೋದೆ. ನನ್ನ ಮುಂಗೈಯನ್ನು ಕಚ್ಚಿದಳು.

“ಬಿಡ್ರಿ ಭಾವಾರ,” ಎಂದಳು ಮಂಜವ್ವ.

“ಅಳ್ತಾಳ, ಎರಡ ದಿನಕ್ಕ ಸುಮ್ಮನಾಗ್ತಾಳ. ಕರ್ಕೊಂಡು ಹೋಗವ್ವಾ.”

“ಆಕೀ ಮನಸ್ಸ ಕೇಳದ ಎಳಕೊಂಡು ಹೋದ್ರ ನಿಮಗೂ ನನಗೂ ಏನ ಫರಕ ಉಳೀತು?”

ಅವಳು ಮಗಳ ಮುಂದೆ ಕುಳಿತು, ಕೂದಲಲ್ಲಿದ್ದ ಮೇವಿನ ಕಡ್ಡಿಗಳನ್ನು ಆರಿಸಿ ತೆಗೆದಳು. ಕೆನ್ನೆ ಒರೆಸಿದಳು. “ಅಕ್ಕಾ, ಜ್ವರ ಬಂದ್ರ ಪತ್ರಾ ಬರಸ್ರಿ,” ಎಂದು ಭರಮವ್ವನಿಗೆ ಹೇಳಿ ಎದ್ದಳು. ಬಸ್ಸು ನಿಲ್ಲುವ ಕಡೆಗೆ ನಾನೂ ಹೋದೆ. ಹತ್ತುವ ಮುಂಚೆ ನನ್ನ ಕಡೆ ತಿರುಗಿದಳು.

“ನಾಳೆ ಬುದ್ಧಿ ಬಂದಮ್ಯಾಲೆ, ನನ್ನ ಯಾಕ ಬಿಟ್ಟು ಹೋದ್ಲು ಅಂತ ಕೇಳ್ತಾಳ. ಆವಾಗ ಖರೇ ಹೇಳ್ರಿ. ನೀವು ನನಗ ಅಷ್ಟ ಮಾಡ್ರಿ, ಸಾಕು.”

“ಹೇಳ್ತೇನಿ. ಉಡಚವ್ವನ ಆಣಿ,” ಎಂದೆ.

ಅಂದಿನಿಂದ ನಾನು ಯಾರಿಗೂ ಹೂ ಹಚ್ಚಿಲ್ಲ. ಕೈ ನಡುಗುತ್ತದೆ ಎಂದು ಬಂದವರನ್ನು ಕಳಿಸಿಬಿಡುತ್ತೇನೆ. ಪೂಜೆ ಮಾಡುವಾಗ ನಡುಗದ ಕೈ ಹೂ ಹಚ್ಚುವಾಗ ಏಕೆ ನಡುಗುತ್ತದೆ ಎಂದು ಯಾರೂ ಕೇಳಿಲ್ಲ. ನಾನು ಬಯಸಿದ್ದು ನನಗೆ ಪೂರ್ತಿ ಸಿಕ್ಕಿದೆ. ಹುಡುಗಿ ನಮ್ಮ ಮನೆಯಲ್ಲೇ ಉಣ್ಣುತ್ತಾಳೆ, ಆಡುತ್ತಾಳೆ, ಭರಮವ್ವನ ಸೆರಗು ಹಿಡಿದು ಮಲಗುತ್ತಾಳೆ. ಒಂದು ದಿನವೂ ನಾನು ಅವಳನ್ನು ನೆಮ್ಮದಿಯಿಂದ ನೋಡಿಲ್ಲ.

ಎರಡು ವರ್ಷ ಕಳೆದು ಮೊನ್ನೆ ಕುಲೂದಿಂದ ಪತ್ರ ಬಂತು. ಅಲ್ಲಿ ಮಂಜವ್ವನಿಗೆ ಗಂಡು ಕೂಸು ಹುಟ್ಟಿದೆ. ಶೇಖವ್ವ ಈಗ ನಾಲ್ಕನೆಯ ಇಯತ್ತೆ, ಪತ್ರವನ್ನು ಅವಳೇ ಜೋರಾಗಿ ಓದಿದಳು. ಓದಿ ಮಡಚಿ ನನ್ನ ಕೈಗೆ ಕೊಟ್ಟಳು.

“ಅಪ್ಪಾ, ಸಣ್ಣವ್ವ ನನ್ನ ಹಡದಾಕಿ ಅಂತಲ್ಲ?”

“ಹೌದವ್ವಾ.”

“ಆ ಕೂಸಿನ್ನ ತನ್ನ ಹತ್ರ ಇಟಗೊಂಡಾಳ. ಮತ್ತ ನನ್ನ ಯಾಕ ಬಿಟ್ಟು ಹೋದ್ಲು?”

ಒಳಗೆ ಭರಮವ್ವ ರೊಟ್ಟಿ ಬಡಿಯುತ್ತಿದ್ದಳು. ಆ ಸಪ್ಪಳ ನಿಂತಿತು. ಹೇಳಬೇಕಾದ ಮಾತುಗಳನ್ನು ಎರಡು ವರ್ಷದಿಂದ ಒಳಗೊಳಗೇ ಜೋಡಿಸಿ ಇಟ್ಟಿದ್ದೆ, ಎಲ್ಲ ಬಾಯಿಯವರೆಗೂ ಬಂದವು. ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಹೇಳಿದರೆ ನಾಳೆಯಿಂದ ಆ ಕಣ್ಣು ನನ್ನನ್ನು ಹೀಗೆ ನೋಡುವುದಿಲ್ಲ ಎಂದು ಗೊತ್ತಿತ್ತು.

“ಹೂವು ಹಂಗ ಬಿತ್ತವ್ವಾ,” ಎಂದೆ. “ನೀ ಇಲ್ಲೇ ಇರಬೇಕು ಅಂತ ಉಡಚವ್ವ ಅಂದ್ಳು.”

ಶೇಖವ್ವ ಸ್ವಲ್ಪ ವಿಚಾರ ಮಾಡಿದಳು. ಆಮೇಲೆ ಗುಡಿಯ ಕಡೆ ತಿರುಗಿ ಕೈಮುಗಿದಳು.