ಕಿಲುಬು ಹತ್ತಿದ ಮುಖವಾಡ

ಬೆಳಿಗ್ಗೆ ಚಿಕ್ಕಮಾದಮ್ಮ ನಲ್ಲಿಯ ಕೆಳಗೆ ಕೊಡ ಇಟ್ಟದ್ದೇ ತಡ, ಹೆಂಗಸರ ಮಾತು ನಿಂತುಹೋಯಿತು. ಅಯ್ಯೋ, ಊರ ಬಾಯಿಗೆ ಬೀಗ ಹಾಕುವವರು ಯಾರು! ಗುಡಿಯಂಗಳ ಗುಡಿಸುವ ಈ ಹೆಂಗಸು ಹಬ್ಬದ ದಿನ ಸ್ವಾಮಿಯ ಕಂಚಿನ ಮುಖವಾಡ ಮುಟ್ಟಿದ್ದಳು. ಹೋದ ವಾರ ಪೆಟ್ಟಿಗೆ ತೆಗೆದರೆ ಮುಖವಾಡದ ತುಂಬ ಹಸಿರು ಪುಡಿ. ಮೈಲಿಗೆಯಾಗಿ ಸ್ವಾಮಿ ಮುನಿದಿದ್ದಾನೆ ಎಂದು ಬಂಡಳ್ಳಿ ಪಕ್ಕದ ಆ ಊರಿಗೆ ಊರೇ ಆಡುತ್ತಿತ್ತು. ಸಂಜೆ ಪಂಚಾಯ್ತಿ. ಅವಳ ಸಂಸಾರವನ್ನು ಊರು ಬಿಡಿಸಬೇಕೆಂದು ಯಜಮಾನ ಪುಟ್ಟಮಾದಪ್ಪ ಆಗಲೇ ಹೇಳಿದ್ದ. ಮನೆಯಲ್ಲಿ ಮಗಳು ರಾಣಿ ತುಂಬು ಬಸುರಿ.

ಅವಳು ಪೂಜಾರಿ ಶಿವರುದ್ರಸ್ವಾಮಿಯ ಬಾಗಿಲಿಗೆ ಓಡಿದಳು.

"ನಾ ಬೇಕಂತ ಮುಟ್ನಾ ಸ್ವಾಮ್ಯೋರೆ? ಜಾರಿ ಬೀಳ್ತಿತ್ತು, ಇಡ್ಕಂಡೆ. ಬಸರಿ ಮಗ್ಳ ಕಟ್ಕಂಡು ಎಲ್ಗೋಗ್ಲಿ?"

"ದೇವ್ರ ಇಸ್ಯ ಕಣವ್ವ, ನನ್ ಕೈಲೇನದೆ?" ಎಂದು ಅವನು ಒಳಗೆ ಹೋದ.

ಒಳಗೆ ತಮ್ಮನ ಮಗಳು ಭವ್ಯ ಕಾದಿದ್ದಳು. ಹಳೆಯ ತಾಮ್ರ, ಕಂಚಿನ ವಸ್ತುಗಳ ಕಿಲುಬಿನ ಮೇಲೆ ಮೈಸೂರಿನಲ್ಲಿ ಸಂಶೋಧನೆ ಮಾಡುವ ಹುಡುಗಿ. ಅವನೇ ಕೊಟ್ಟಿದ್ದ ಪುಡಿಯನ್ನು ಪರೀಕ್ಷಿಸಿ ಬಂದಿದ್ದಳು.

"ದೊಡ್ಡಪ್ಪ, ಪುಡೀಲಿ ಉಪ್ಪಿನ ಅಂಶ ಅದೆ. ಒಂದು ಕಂಚಿನ ಚೂರನ್ನ ನಿಮ್ಮಂಗೇ ಹುಣಸೆಹಣ್ಣು, ಉಪ್ಪಲ್ಲಿ ತಿಕ್ಕಿ ಒದ್ದೆ ಬಟ್ಟೇಲಿ ಸುತ್ತಿಟ್ಟೆ. ಇನ್ನೊಂದನ್ನ ತೊಳ್ದು ಒಣಗಿಸ್ದೆ. ಎರಡ್ನೂ ನೀರಲ್ಲಿಟ್ಟು ವೈರ್ ಕೊಟ್ಟು, ಯಾವ್ದು ಬೇಗ ಸವೀತದೆ ಅಂತ ಮೀಟರಲ್ಲಿ ನೋಡುದ್ರೆ, ಉಪ್ಪು ಹತ್ತಿದ್ದೇ ಬೇಗ ಬೇಗ ಸವೀತಾ ಅದೆ. ಆ ಸವ್ದಿದ್ದೇ ಈ ಹಸ್ರು ಪುಡಿ."

"ಆ ಎಂಗ್ಸು ಮುಟ್ಟಿದ್ದು?"

"ಒಂದ್ಸಲ ಮುಟ್ಟುದ್ರೆ ಇಂಗಾಗಲ್ಲ. ಇದು ವರ್ಷಾನುಗಟ್ಲೆ ಇಳ್ದಿರೋ ಉಪ್ಪು."

ಪ್ರತಿ ಹಬ್ಬಕ್ಕೂ ಫಳಫಳ ಬೆಳಗಿ, ಆರಿಸದೆ ಮಡಿಬಟ್ಟೆಯಲ್ಲಿ ಸುತ್ತಿಡುತ್ತಿದ್ದವನು ಶಿವರುದ್ರಸ್ವಾಮಿಯೇ.

"ಇದ್ನ ಏಳುದ್ರೆ ನನ್ನ ಬುಟ್ಟಾರಾ? ಪೂಜೆ ಕಿತ್ಕತಾರೆ ಕಣವ್ವ."

"ಏಳ್ದಿದ್ರೆ ಆ ಎಂಗ್ಸಿನ ಮನೇವ್ರು ಊರೇ ಬುಡಬೇಕಲ್ಲ ದೊಡ್ಡಪ್ಪ."

ಸಂಜೆ ಅರಳಿಕಟ್ಟೆಯ ಮುಂದೆ ಚಿಕ್ಕಮಾದಮ್ಮ ನೆಲದ ಮೇಲೆ ಒಬ್ಬಳೇ ಕೂತಿದ್ದಳು.

"ಸ್ವಾಮ್ಯೋರೆ, ಒಂದ್ ಮಾತೇಳಿ, ಮುಗಿಸ್ಬುಡಣ," ಎಂದ ಪುಟ್ಟಮಾದಪ್ಪ.

ಕಟ್ಟೆಯ ಮೇಲಿದ್ದ ಶಿವರುದ್ರಸ್ವಾಮಿ ಎದ್ದು ನಿಂತ. ಭಯಕ್ಕೆ ಮಾತು ತೊದಲಿತು. ಆದರೂ ಹುಣಸೆ, ಉಪ್ಪು, ಒದ್ದೆ ಬಟ್ಟೆ ಎಲ್ಲವನ್ನೂ ಹೇಳಿದ. "ಆವತ್ತು ಸ್ವಾಮಿ ಬೀಳ್ದಂಗೆ ಇಡ್ದೋಳು ಈ ಅವ್ವ. ಕೆಡಿಸ್ದೋನು ನಾನು."

"ಅಂಗಾರೆ ಊರು ಬುಡಬೇಕಾದೋನು ಯಾರ್ಲಾ?" ಎಂದು ಹಿಂದಿನಿಂದ ಯಾರೋ ಕೂಗಿದರು. ಪುಟ್ಟಮಾದಪ್ಪ ಕೂಗಿದವರತ್ತ ದುರುಗುಟ್ಟಿಕೊಂಡು ನೋಡಿದ.

ಶಿವರುದ್ರಸ್ವಾಮಿ ಕಟ್ಟೆ ಇಳಿದು ಬಂದು ಚಿಕ್ಕಮಾದಮ್ಮನ ಪಕ್ಕ ನೆಲದ ಮೇಲೆ ಕೂತ.

"ಬುಡ್ಸದಾದ್ರೆ ಇಬ್ರುನ್ನೂ ಬುಡ್ಸಿ."

ಪೂಜಾರಿಗೆ ತನ್ನ ಮೈ ತಗುಲೀತೆಂದು ಹೆದರಿ ಚಿಕ್ಕಮಾದಮ್ಮ ಆಚೆ ಸರಿದಳು. ಅವನೂ ಅಷ್ಟೇ ಸರಿದು ಕೂತ.